ತಾರಸಿಗೂ ಒಂದು ಕೋಡಿ ಬೇಕು

(ಹಳ್ಳಿಯ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಮಾತಿಗೆ ಎದ್ದು ನಿಂತನೆಂದರೆ ಬೀಜ, ಗೊಬ್ಬರ, ಔಷಧಿ ಇವುಗಳ ವಿಷಯವೇ ಇರಬೇಕೆಂದು ತಾವು ಎಣಿಸುವುದು ಸಹಜ. ನಾನು ಓದಿ ಬಂದದ್ದೂ ಕೃಷಿ ಡಿಪ್ಲೊಮಾವನ್ನೇ. ಆದರೆ ಇಂದು ಗದ್ದೆಯ ಮಾತನ್ನು ಬದಿಗಿಟ್ಟು, ಗದ್ದೆಯಿಂದ ಬಂದ ಕಾಳನ್ನು ಇಡುವ ಕೋಣೆಯ ಮಾತನ್ನು ಆಡುತ್ತೇನೆ. ಆ ಕೋಣೆ ಸೋರಿದರೆ ಏನಾಗುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಬ್ಬ ರೈತರಿಗೆ ತಪ್ಪು ಸಲಹೆ ಕೊಟ್ಟು ಕಲಿತೆ. ಆ ತಪ್ಪು ತಮ್ಮ ಮನೆಯಲ್ಲಿ ಆಗದಿರಲಿ ಎಂಬುದೇ ಈ ಮಾತಿನ ಉದ್ದೇಶ.

ಶಿವಮೊಗ್ಗ, ಭದ್ರಾವತಿಗಳ ಸುತ್ತಿನ ಹಳ್ಳಿಗಳಲ್ಲಿ ಈಗ ಒಂದು ಬಗೆಯ ಮನೆ ಎಲ್ಲೆಲ್ಲೂ ಕಾಣುತ್ತದೆ. ಮುಂದೆ ಅಜ್ಜನ ಕಾಲದ ಹೆಂಚಿನ ಮನೆ. ಅದರ ಹಿಂಬದಿಗೋ ಪಕ್ಕಕ್ಕೋ, ಮಗನ ಮದುವೆಯ ಹೊತ್ತಿಗೆ ಕೂಡಿಸಿದ ಒಂದು ಆರ್‌.ಸಿ.ಸಿ. ತಾರಸಿಯ ಕೋಣೆ. ಮೊದಲ ಎರಡು ಮೂರು ಮಳೆಗಾಲ ಅದು ಚೆನ್ನಾಗಿಯೇ ಇರುತ್ತದೆ. ಆಮೇಲೆ ಗೋಡೆಯ ಮೇಲೆ ಒಂದು ಕಂದು ಕಲೆ. ಮರುವರ್ಷ ಒಂದು ಹನಿ. ಅದರ ಮರುವರ್ಷ ಕೆಳಗೊಂದು ಬೋಗುಣಿ. ಬೋಗುಣಿ ಇಟ್ಟುಕೊಂಡು ಎಷ್ಟು ಮಳೆಗಾಲ ಕಳೆಯುವುದು?

ನಮ್ಮ ಹಿರಿಯರು ಮಾಡು ಕಟ್ಟಿದ್ದು ಎರಡು ಬಗೆಯಲ್ಲಿ. ಮಲೆನಾಡಿನ ಕಡೆ ಕಡಿದಾದ ಇಳಿಜಾರಿನ ಮಾಡು. ಶಿವಮೊಗ್ಗ ಪೇಟೆಯಲ್ಲಿರುವ ಶಿವಪ್ಪ ನಾಯಕನ ಅರಮನೆಯನ್ನು ನೋಡಿದವರಿಗೆ ಇದು ಗೊತ್ತು. ಅರಮನೆಯಾದರೂ ಮಾಡು ಇಳಿಜಾರಿನದೇ. ಬಿದ್ದ ನೀರು ನಿಲ್ಲಬಾರದು, ಹರಿದು ಹೋಗಬೇಕು. ಪೂರ್ವದ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆ. ಅದು ಚಪ್ಪಟೆ ನಿಜ. ಆದರೆ ಮನೆಯವರು ಪ್ರತಿವರ್ಷ ಮಳೆಗೆ ಮುಂಚೆ ಮೇಲೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ಬಡಿದು, ನೀರು ಬೀಳುವ ದೋಣಿಯನ್ನು ಬಿಡಿಸಿಡುತ್ತಿದ್ದರು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ವರ್ಷವರ್ಷದ ಆರೈಕೆ. ನಾವು ಕೂಡಿಸಿದ ತಾರಸಿ ಕೋಣೆಗೆ ಇವೆರಡೂ ಇಲ್ಲ. ಹೆಂಚು ಕೈಯಾಡಿಸಲು ಪ್ರತಿವರ್ಷ ಆಳು ಕರೆಯುವ ನಾವು, ತಾರಸಿಯ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಸಿಮೆಂಟು ಹಾಕಿದ ಮೇಲೆ ಇನ್ನೇನು ಎಂಬ ಧೈರ್ಯ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಭದ್ರಾ ನಾಲೆಯ ನೀರಿನಲ್ಲಿ ಬತ್ತ ಬೆಳೆಯುವ ಒಂದು ಹಳ್ಳಿ. ಅಲ್ಲಿನ ಯಜಮಾನರೊಬ್ಬರು ಹಿಂದಿನ ಕೋಣೆಯಲ್ಲಿ ಮುಂಗಾರಿಗೆಂದು ಬೀಜದ ಬತ್ತವನ್ನೂ, ಕೋಳಿಗೆ ದನಕ್ಕೆಂದು ಒಂದಿಷ್ಟು ಮೆಕ್ಕೆಜೋಳವನ್ನೂ ಇಟ್ಟಿದ್ದರು. ಮುಂಗಾರಿನ ಮೊದಲ ಹದ ಬಿದ್ದಿತ್ತು. ತಾರಸಿ ಸೋರುತ್ತದೆ, ಬಂದು ನೋಡಿ ಎಂದರು. ಮೇಲೆ ಹತ್ತಿ ನೋಡಿದೆ. ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಸಿಮೆಂಟಿನ ತಿಳಿ ಕಲಸಿ ಪೊರಕೆಯಿಂದ ಬಳಿಯಿರಿ, ಸಾಕು ಎಂದೆ. ನಾನು ಇಳಿದು ಬರುವಾಗ ಮನೆಯ ತಾಯಿ ಬಾಗಿಲಲ್ಲಿ ನಿಂತು ಹೇಳಿದರು: “ಸ್ವಾಮೀ, ಮಳೆ ಹೊಡೀವಾಗ ಇದು ಸೋರೋದಿಲ್ಲ. ಮಳೆ ನಿಂತು, ನಾನು ಅಡುಗೆ ಮುಗಿಸೋ ಹೊತ್ತಿಗೆ ತೊಟ್ಟಿಕ್ಕೋಕೆ ಶುರುವಾಗುತ್ತೆ.” ನಾನು ಹ್ಞೂಂ ಎಂದು ಸೈಕಲ್ ಹತ್ತಿದೆ.

ಸೋರಿಕೆಯ ಗುಟ್ಟು ಆ ತಾಯಿಯ ಮಾತಿನಲ್ಲೇ ಇತ್ತು. ಬಿರುಕಿನಿಂದ ಬರುವ ನೀರಾಗಿದ್ದರೆ ಮಳೆ ಬೀಳುವಾಗಲೇ ಬರಬೇಕು. ಮಳೆ ನಿಂತ ಮೇಲೆ ಬರುವುದೆಂದರೆ ಮೇಲೆ ಎಲ್ಲೋ ನೀರು ಮಡುಗಟ್ಟಿ ನಿಂತು ನಿಧಾನವಾಗಿ ಇಳಿಯುತ್ತಿದೆ ಎಂದೇ ಅರ್ಥ. ನಾನು ಬಳಿಸಿದ ಸಿಮೆಂಟಿನ ತಿಳಿ ಆರಿದ್ರಾ ಮಳೆಯ ನಡುವಿನ ನಾಲ್ಕು ದಿನದ ಬಿಸಿಲಿಗೆ ಚಕ್ಕೆಯೆದ್ದು ಹೋಯಿತು. ಸಸಿಮಡಿಗೆಂದು ಚೀಲ ಎತ್ತಿದಾಗ ಅಡಿಯ ಬತ್ತ ಬೆಚ್ಚಗಾಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಬಿತ್ತನೆಗೆ ಕನಿಷ್ಠ ಎಂಬತ್ತಾದರೂ ಮೊಳೆಯಬೇಕು, ಮೊಳೆತದ್ದು ನಲವತ್ತೊಂದು. ಯಜಮಾನರು ಸಾಲ ತಂದು ಬೀಜ ಕೊಂಡರು, ನಾಟಿ ತಡವಾಯಿತು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಮೇಲೆ ನಾನು ಅನುಭವಸ್ಥ ಗಾರೆಕೆಲಸದವರನ್ನೂ ಎಂಜಿನಿಯರನ್ನೂ ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ನೀರಿನ ಲೆಕ್ಕ

ಮೊದಲು ಒಂದು ಲೆಕ್ಕ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ ಎಂದರೆ ಸುಮಾರು 11 ಚದರ ಮೀಟರ್ ತಾರಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ದಿನಕ್ಕೆ 100 ಮಿ.ಮೀ. ಮಳೆಯಾದರೆ ಆ ಪುಟ್ಟ ತಾರಸಿಯ ಮೇಲೆ 1,100 ಲೀಟರ್. ಇಷ್ಟೇ ಆಗಿದ್ದರೆ ಚಿಂತೆಯಿಲ್ಲ. ಹಳೆಯ ಹೆಂಚಿನ ಮಾಡಿನ ಒಂದು ಮಗ್ಗುಲು ತಾರಸಿಯ ಕಡೆಗೇ ಇಳಿದಿದೆಯಲ್ಲ? ಅದರ ವಿಸ್ತಾರ ತಾರಸಿಯ ಎರಡರಷ್ಟಿದ್ದರೆ ಇನ್ನೂ 2,200 ಲೀಟರ್ ಅದರ ಮೇಲೆಯೇ ಸುರಿಯುತ್ತದೆ. ಒಟ್ಟು 3,300 ಲೀಟರ್ ಹೊರಹೋಗಬೇಕಾದದ್ದು ಒಂದೇ ಒಂದು ಎರಡಿಂಚಿನ ಕೊಳವೆಯಿಂದ. ಅದರ ಬಾಯಿಗೆ ಮಾವಿನೆಲೆ ಅಡ್ಡ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ನಮ್ಮ ಶಿವಮೊಗ್ಗ, ಭದ್ರಾವತಿಗಳಲ್ಲಿ ಅದರ ಕಾಲುಭಾಗವೂ ಇಲ್ಲ. ಆದ್ದರಿಂದ ನಮಗೇಕೆ ಭಯ ಎನ್ನಬೇಡಿ. ಮಾಡು ಕೆಡಿಸುವುದು ವರ್ಷದ ಮೊತ್ತವಲ್ಲ, ಒಂದು ರಾತ್ರಿಯ ಜಡಿಮಳೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ತಾವೇ ಕಂಡಿದ್ದೀರಿ.

ಕೆರೆ ಕಟ್ಟಿದವರು ಏರಿಯ ಜೊತೆಗೆ ಕೋಡಿಯನ್ನೂ ಕಟ್ಟಿದರು. ಕೋಡಿಯಿಲ್ಲದ ಕೆರೆ ಒಂದಲ್ಲ ಒಂದು ವರ್ಷ ಒಡೆಯಲೇಬೇಕು. ಸುತ್ತ ಗೋಡೆ ಎಬ್ಬಿಸಿ ನೀರಿಗೆ ದಾರಿ ಬಿಡದ ತಾರಸಿಯೂ ಒಂದು ಕೆರೆಯೇ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೀರು ನಿಂತರೆ ನಮಗೆ ನಿದ್ದೆ ಬರುವುದಿಲ್ಲ. ಹಾರೆ ಹಿಡಿದು ಓಡುತ್ತೇವೆ. ತಲೆಯ ಮೇಲೆ ನಿಂತ ನೀರಿಗೆ ಮಾತ್ರ ಬೋಗುಣಿ ಇಡುತ್ತೇವೆ.

ಸೋರುವುದೆಲ್ಲಿಂದ?

ಹನಿ ಬೀಳುವ ಜಾಗವೇ ನೀರು ಒಳಬರುವ ಜಾಗ ಎಂದು ತಿಳಿಯಬೇಡಿ. ನೀರು ಒಂದು ಮೂಲೆಯಲ್ಲಿ ಒಳಹೊಕ್ಕು, ಕಾಂಕ್ರೀಟಿನೊಳಗೆ ಹಾದು, ಐದಾರು ಅಡಿ ದೂರದ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕಬಹುದು. ಅದಕ್ಕೇ ಮೊದಲು ಹೊತ್ತನ್ನು ಗಮನಿಸಿ. ಮಳೆ ಬಿದ್ದ ಕೂಡಲೇ ಸೋರಿದರೆ ಬಿರುಕೋ ಕೂಡು ಜಾಗವೋ ಬಾಯಿ ಬಿಟ್ಟಿದೆ. ಮಳೆ ನಿಂತು ತಾಸೆರಡು ತಾಸಿನ ಮೇಲೆ ಸೋರಿದರೆ ಮೇಲೆ ನೀರು ನಿಂತಿದೆ. ಗಾಳಿಮಳೆಗೆ ಮಾತ್ರ, ಅದೂ ಪಡುವಣ ಗೋಡೆಯಲ್ಲಿ ಒದ್ದೆ ಕಂಡರೆ ತಪ್ಪು ಗೋಡೆಯದು, ತಾರಸಿಯದಲ್ಲ. ಬೇಸಿಗೆಯಲ್ಲೂ ಒದ್ದೆ ಇದ್ದರೆ ಮೇಲಿನ ನೀರಿನ ತೊಟ್ಟಿ ಅಥವಾ ಕೊಳಾಯಿಯನ್ನು ನೋಡಿ. ಇದನ್ನೆಲ್ಲ ಮನೆಯಲ್ಲೇ ಇರುವ ತಾಯಂದಿರು ಮೊದಲು ಕಾಣುತ್ತಾರೆ. ಅವರನ್ನು ಕೇಳಿ. ನಾನು ಕೇಳಲಿಲ್ಲ.

ಮಳೆ ನಿಂತ ಅರ್ಧ ಗಂಟೆಗೆ ಜಾಗರೂಕತೆಯಿಂದ ಮೇಲೆ ಹತ್ತಿ; ಪಾಚಿ ಜಾರುತ್ತದೆ. ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಸುತ್ತ ಇದ್ದಿಲಿನಿಂದ ಗೆರೆ ಎಳೆಯಿರಿ. ಮಳೆ ಹೊಳವಾದ ಮೇಲೆ ಕೆಲಸ ಮಾಡಬೇಕಾದ ಜಾಗ ಅದೇ.

ನಾಲ್ಕು ಕಡೆ ವಿಶೇಷವಾಗಿ ನೋಡಬೇಕು. ಒಂದು, ಹಳೆಯ ಗೋಡೆಗೂ ಹೊಸ ತಾರಸಿಗೂ ನಡುವಿನ ಕೂಡು. ಎರಡು, ತಾರಸಿಯೂ ಅದರ ಸುತ್ತಿನ ಗಿಡ್ಡ ಗೋಡೆಯೂ ಸೇರುವ ಮೂಲೆ. ಮೂರು, ನೀರಿನ ಕೊಳವೆಯ ಬಾಯಿ. ಎಷ್ಟೋ ಮನೆಗಳಲ್ಲಿ ಆ ಬಾಯಿ ತಾರಸಿಗಿಂತ ಒಂದು ಬೆರಳು ಎತ್ತರದಲ್ಲಿರುತ್ತದೆ. ಆ ಒಂದು ಬೆರಳಿನಷ್ಟು ನೀರು ಮಳೆಗಾಲವಿಡೀ ಅಲ್ಲೇ. ನಾಲ್ಕು, ಬಟ್ಟೆ ಒಣಹಾಕಲು ನೆಟ್ಟ ಕಂಬ, ಡಿಷ್ ಕೂರಿಸಲು ಹೊಡೆದ ಬೋಲ್ಟು, ಇವುಗಳ ಬುಡ.

ಕೂಡಿನ ವಿಷಯ

ಮೊದಲನೆಯದೇ ಮುಖ್ಯ. ಹಳೆಯ ಮನೆಯ ತಳಪಾಯ ಐವತ್ತು ವರ್ಷದಿಂದ ಕೂತು ಗಟ್ಟಿಯಾಗಿದೆ. ಹೊಸ ಕೋಣೆಯದು ಇನ್ನೂ ಕೂರುತ್ತಿದೆ. ಕರಿಮಣ್ಣಿನ ನೆಲವಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುವುದು, ರಾತ್ರಿ ಕುಗ್ಗುವುದು ದಿನದಿನವೂ ಇದ್ದದ್ದೇ. ಹೀಗೆ ಎರಡೂ ಬೇರೆ ಬೇರೆ ಅಲುಗಾಡುವಾಗ ನಡುವೆ ಸಿಮೆಂಟು ತುಂಬಿದರೆ ಅದು ಪ್ರತಿವರ್ಷ ಬಿರಿಯುತ್ತದೆ. ಪ್ರತಿವರ್ಷ ತುಂಬುತ್ತೇವೆ; ಪ್ರತಿವರ್ಷ ಸೋರುತ್ತದೆ.

ಬಿರುಕು ಅಲುಗಾಡುತ್ತಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ. ಗಾಜಿನ ತೆಳು ಚೂರೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿ ತಾರೀಖು ಬರೆದಿಡಿ. ಎರಡು ಮೂರು ತಿಂಗಳಲ್ಲಿ ಗಾಜು ಒಡೆದರೆ ಬಿರುಕು ಜೀವಂತ. ಅದಕ್ಕೆ ಸಿಮೆಂಟು ಮದ್ದಲ್ಲ. ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಅಂಟನ್ನು ತುಂಬಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಇದಕ್ಕೆ ಸೀಲೆಂಟ್ ಎನ್ನುತ್ತಾರೆ. ಅದರ ಮೇಲೆ ತಗಡಿನ ಹೊದಿಕೆ: ಹಳೆಯ ಗೋಡೆಯಲ್ಲಿ ತಾರಸಿಗಿಂತ ಆರಿಂಚು ಮೇಲೆ ಒಂದಿಂಚು ಆಳದ ಗಾಡಿ ಕೊರೆದು, ತಗಡಿನ ಮೇಲಂಚನ್ನು ಅದರೊಳಗೆ ಸೇರಿಸಿ ಗಾರೆ ತುಂಬಬೇಕು. ಕೆಳಗಿನ ಅಂಚನ್ನು ತಾರಸಿಗೆ ಬಿಗಿಯದೆ ಸುಮ್ಮನೆ ಒರಗಿಸಬೇಕು. ಆಗ ಗೋಡೆ ಅತ್ತ ಸರಿಯಲಿ, ತಾರಸಿ ಇತ್ತ ಸರಿಯಲಿ, ನೀರು ತಗಡಿನ ಮೇಲೆಯೇ ಹರಿಯುತ್ತದೆ.

ಹೆಂಚಿನ ಮಾಡಿನ ನೀರು ತಾರಸಿಗೆ ಬೀಳಲೇಬಾರದು. ಸೂರಿನ ಅಂಚಿಗೆ ಒಂದು ದೋಣಿ ಕಟ್ಟಿ ಆ ನೀರನ್ನು ಹೊರಗೆ ಒಯ್ಯಿರಿ. ಮಲೆನಾಡಿನಲ್ಲಿ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ಇದೇ ಕೆಲಸಕ್ಕೆ ಕಟ್ಟುತ್ತಿದ್ದರು. ತಗಡಿನದಾದರೆ ಹೆಚ್ಚು ಬಾಳುತ್ತದೆ.

ಇಳಿಜಾರು, ಮೂಲೆ, ಕೊಳವೆ

ಚಪ್ಪಟೆ ತಾರಸಿ ಎಂಬುದು ಹೆಸರಿಗೆ ಮಾತ್ರ. ಹತ್ತು ಅಡಿಗೆ ಒಂದೂವರೆ ಇಂಚಾದರೂ ಇಳಿಜಾರು ಬೇಕು. ನಮ್ಮ ಮಳೆಗೆ ಎರಡಿಂಚು ಇದ್ದರೆ ವಾಸಿ. ಮೂಲೆಗಳನ್ನು ಚೌಕವಾಗಿ ಬಿಡದೆ ಬಟ್ಟಲಿನ ಒಳಮೈಯಂತೆ ಗುಂಡಗೆ ಗಾರೆ ಕೊಟ್ಟು, ಗಿಡ್ಡ ಗೋಡೆಯ ಮೇಲೆ ಆರಿಂಚಿನವರೆಗೆ ಏರಿಸಬೇಕು. ಕೊಳವೆ ನಾಲ್ಕಿಂಚಿನದಿರಲಿ, ನಾಲ್ಕುನೂರು ಚದರ ಅಡಿಗೆ ಒಂದರಂತೆ ಲೆಕ್ಕ ಹಿಡಿದರೂ, ಚಿಕ್ಕ ತಾರಸಿಗೆ ಎರಡಿದ್ದರೆ ಒಂದು ಕಟ್ಟಿಕೊಂಡಾಗ ಇನ್ನೊಂದು ಕಾಯುತ್ತದೆ. ಬಾಯಿಗೆ ಜಾಲರಿ ಇರಲಿ.

ಇಳಿಜಾರು ಕೊಡಲು ಇಟ್ಟಿಗೆ ಚೂರಿನ ಗಾರೆಯನ್ನು ನಾಲ್ಕಿಂಚು ದಪ್ಪ ಹಾಕಿಸುವುದುಂಟು. ಇದು ಒಳ್ಳೆಯದೇ, ಕೋಣೆಯೂ ತಂಪಾಗುತ್ತದೆ. ಆದರೆ ಅದರ ಭಾರ ಆ ಪುಟ್ಟ ಕೋಣೆಯ ಮೇಲೆ ಸುಮಾರು ಎರಡು ಟನ್. ಕೈ ಬಿಗಿಹಿಡಿದು ತೆಳ್ಳಗೆ ಹಾಕಿಸಿದ ತಾರಸಿ ಅದನ್ನು ಹೊರುತ್ತದೆಯೇ ಎಂದು ಎಂಜಿನಿಯರನ್ನು ಕೇಳದೆ ಮಾಡಬೇಡಿ. ಭಾರ ತಡೆಯದ ತಾರಸಿಗೆ, ತಗ್ಗುಗಳನ್ನಷ್ಟೇ ಗಾರೆಯಿಂದ ಮಟ್ಟ ಮಾಡಿ, ನೀರು ತಡೆಯುವ ಬಣ್ಣವನ್ನು ಎರಡು ಕೈ ಬಳಿದು ನಡುವೆ ಬಲೆಬಟ್ಟೆ ಕೂರಿಸುವುದು ಸಾಕು. ತಾರಸಿ ಪೂರ್ತಿ ಒಣಗಿರಬೇಕು, ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿರಬೇಕು. ಒದ್ದೆಯ ಮೇಲೆ ಬಳಿದ ಬಣ್ಣ ಗುಳ್ಳೆಯೇಳುತ್ತದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಒಮ್ಮೆ ಬಳಿದರೆ ಜೀವಮಾನಕ್ಕೆ ಸಾಕು ಎನ್ನುವವರನ್ನು ನಂಬಬೇಡಿ.

ತೀರ್ಥಹಳ್ಳಿ, ಹೊಸನಗರಗಳ ಕಡೆಯ ಮಳೆಗೆ ಈ ಉಪಾಯಗಳೆಲ್ಲ ಸಾಲದೆ, ತಾರಸಿಯ ಮೇಲೆ ಕಂಬಿ ನಿಲ್ಲಿಸಿ ಇಳಿಜಾರಿನ ತಗಡಿನ ಮಾಡನ್ನೇ ಹಾಕಿಸಿರುವುದನ್ನು ನೋಡಿರುತ್ತೀರಿ. ಸೋಲೊಪ್ಪಿಕೊಂಡಂತೆ ಕಂಡರೂ ಅದು ಬುದ್ಧಿವಂತರ ಕೆಲಸ. ಗಾಳಿಗೆ ಹಾರದಂತೆ ಕಂಬಿಯನ್ನು ಬಲವಾಗಿ ಬಿಗಿಸಿ. ಬಿಗಿಸುವಾಗ ಕೊರೆದ ತೂತುಗಳನ್ನು ಮುಚ್ಚಿಸಿ.

ತುಕ್ಕಿನ ಎಚ್ಚರಿಕೆ

ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿಸಲು ತೊಡಗಿದ ನಾಡು ನಮ್ಮದು. ಒಂದು ಕಾಲಕ್ಕೆ ಅಲ್ಲಿ ಸಿಮೆಂಟೂ ತಯಾರಾಗುತ್ತಿತ್ತು. ಕಾರ್ಖಾನೆಯ ಆ ಹಿಂದಿನ ವೈಭವ ಈಗಿಲ್ಲ; ಆದರೆ ಅಲ್ಲಿ ದುಡಿದವರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರನ್ನು ಕೇಳಿದರೆ ಹೇಳುತ್ತಾರೆ: ತುಕ್ಕು ಹಿಡಿದ ಕಬ್ಬಿಣ ಸವೆಯುವುದಷ್ಟೇ ಅಲ್ಲ, ಊದುತ್ತದೆ. ತಾರಸಿಯೊಳಗಿನ ಸರಳಿಗೆ ನೀರು ತಾಗಿ ಅದು ಊದಿದರೆ ಕೆಳಗಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ನೂಕಿ ಬೀಳಿಸುತ್ತದೆ. ಆದುದರಿಂದ ಸರಳಿನ ಉದ್ದಕ್ಕೂ ಕಂದು ಗೆರೆ, ಉಬ್ಬಿದ ಗಿಲಾವು, ತಟ್ಟಿದರೆ ಟೊಳ್ಳು ಸದ್ದು ಇವು ಕಂಡರೆ ಮೇಲೆ ಗಿಲಾವು ಮೆತ್ತಿ ಮುಚ್ಚಬೇಡಿ. ಗಾಯವನ್ನು ತೊಳೆಯದೆ ಬಟ್ಟೆ ಕಟ್ಟಿದಂತಾಗುತ್ತದೆ. ಎಂಜಿನಿಯರಿಗೆ ತೋರಿಸಿ. ತಾರಸಿ ನಡುವೆ ಜಗ್ಗಿದ್ದರೆ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ದೀಪದ ತಂತಿ, ಫ್ಯಾನಿನ ಬಳಿ ನೀರು ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಉಳಿದ ಮಾತು.

ಯಾವಾಗ ಮಾಡಬೇಕು?

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು, ಕೊಟ್ಟೆ ಕಟ್ಟುವುದು ಯಾವಾಗ? ಕೊಳೆ ಬಂದ ಮೇಲಲ್ಲ, ಮಳೆ ಹಿಡಿಯುವ ಮುಂಚೆ. ತಾರಸಿಯ ಕೆಲಸವೂ ಹಾಗೆಯೇ. ಶಿವರಾತ್ರಿಯಿಂದ ಯುಗಾದಿಯವರೆಗೆ ಒಳ್ಳೆಯ ಕಾಲ. ಗಾರೆಕೆಲಸದವರೂ ಸಿಗುತ್ತಾರೆ, ಗಾರೆಗೆ ಏಳೆಂಟು ದಿನ ನೀರುಣಿಸಿ ಮತ್ತೆ ಒಣಗಲು ಬಿಡುವೂ ಇರುತ್ತದೆ. ಭರಣಿ, ಕೃತ್ತಿಕೆಯ ಮೊದಲ ಹನಿಗಳೇ ತಮಗೆ ಪರೀಕ್ಷೆ.

ಅದಕ್ಕೂ ಮುಂಚೆ ಪರೀಕ್ಷೆ ಬೇಕಾದರೆ ಕೊಳವೆಯ ಬಾಯಿ ಕಟ್ಟಿ ಒಂದಿಂಚು ನೀರನ್ನು ಎರಡು ದಿನ ನಿಲ್ಲಿಸಿ ಕೆಳಗಿನಿಂದ ನೋಡಿ. ಆ ಪುಟ್ಟ ತಾರಸಿಯ ಮೇಲೆ ಅಷ್ಟು ನೀರೇ ಸುಮಾರು 280 ಕಿಲೋ ತೂಗುತ್ತದೆ. ತುಕ್ಕು ಹಿಡಿದ ತಾರಸಿಗೆ ಈ ಪರೀಕ್ಷೆ ಬೇಡ. ಗುತ್ತಿಗೆ ಕೊಡುವಾಗಲೇ, ನೀರು ನಿಲ್ಲಿಸಿ ನೋಡಿದ ಮೇಲೆ ಕೊನೆಯ ಕಂತು ಎಂದು ಬರೆದಿಟ್ಟುಕೊಳ್ಳಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ.

ಮಳೆ ಆಗಲೇ ಹಿಡಿದುಬಿಟ್ಟಿದ್ದರೆ ಸಿಮೆಂಟು ತರಬೇಡಿ. ಕೊಳವೆ ಬಿಡಿಸಿ, ನಿಂತ ನೀರನ್ನು ಗುಡಿಸಿ ಹಾಕಿ. ಟಾರ್ಪಾಲಿನ ಮೇಲಂಚನ್ನು ಹೆಂಚಿನ ಅಡಿಗೆ ಸೇರಿಸಿ ತಾರಸಿಯ ಹೊರಕ್ಕೆ ಇಳಿಬಿಡಿ. ಕಾಳಿನ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಬೀಜದ ಬತ್ತದಲ್ಲಿ ತೇವ ನೂರಕ್ಕೆ 13ನ್ನು ಮೀರಬಾರದು. ನೆನೆದ ಬತ್ತವನ್ನು ಮೊಳಕೆ ಪರೀಕ್ಷೆ ಮಾಡದೆ ಬಿತ್ತಬೇಡಿ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ದನಕ್ಕೂ ಹಾಕಬೇಡಿ. ಅದರ ವಿಷ ಹಾಲಿನಲ್ಲಿಯೂ ಇಳಿದು ಮಕ್ಕಳ ಲೋಟಕ್ಕೆ ಬರುತ್ತದೆ.

ಆ ಯಜಮಾನರ ಮನೆಯ ಕತೆಯನ್ನು ಮುಗಿಸಿಬಿಡುತ್ತೇನೆ. ಮರುವರ್ಷ ಶಿವರಾತ್ರಿ ಕಳೆದ ಮೇಲೆ ನಾನೇ ಹೋಗಿ ನಿಂತೆ. ಸೂರಿಗೆ ದೋಣಿ ಕಟ್ಟಿದೆವು. ಕೂಡಿಗೆ ತಗಡು ಹೊದಿಸಿದೆವು. ಬೆರಳೆತ್ತರದ ಕೊಳವೆಯನ್ನು ಕಿತ್ತು ನಾಲ್ಕಿಂಚಿನದನ್ನು ಮಟ್ಟಕ್ಕೆ ಕೂರಿಸಿದೆವು. ತಗ್ಗುಗಳನ್ನು ತುಂಬಿ, ಒಣಗಿದ ಮೇಲೆ ಬಣ್ಣ ಬಳಿದೆವು. ಪುನರ್ವಸು ಮಳೆ ಮೂರು ದಿನ ಬಿಡದೆ ಹೊಡೆದಾಗ ಎದೆ ಹೊಡೆದುಕೊಳ್ಳುತ್ತಾ ನೋಡಲು ಹೋದೆ. ಕೂಡು ಒಣಗಿತ್ತು, ಬೀಜದ ಚೀಲ ಒಣಗಿತ್ತು. ಒಂದೇ ಒಂದು ಕಡೆ ಹನಿ: ಬಟ್ಟೆ ಒಣಹಾಕುವ ಕಂಬದ ಬುಡ. ಅದನ್ನು ನಾನು ಮರೆತಿದ್ದೆ. ಆ ತಾಯಿ ನಕ್ಕು, “ಇದನ್ನೂ ನಾನು ಹೇಳ್ಬೇಕಿತ್ತೇನೋ ಸ್ವಾಮೀ” ಎಂದರು.

ಹೇಳಬೇಕಾಗಿತ್ತು, ಮತ್ತು ನಾನು ಕೇಳಬೇಕಾಗಿತ್ತು.

ಆದುದರಿಂದ ಬಾಂಧವರೇ, ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಸಿಮೆಂಟಿನ ಅಂಗಡಿಗೆ ಹೋಗಬೇಡಿ. ಏಣಿ ಹಾಕಿ ಮೇಲೆ ಹತ್ತಿ, ನೀರಿನ ಕೊಳವೆಯೊಳಗೆ ಕೈ ಹಾಕಿ ನೋಡಿ. ಎಲೆ ಮಣ್ಣು ಸಿಕ್ಕಿದರೆ ತೆಗೆಯಿರಿ. ಅದಕ್ಕೆ ಕಾಸಿನ ಖರ್ಚಿಲ್ಲ. ನೀರಿಗೆ ದಾರಿ ಕೊಟ್ಟ ಮೇಲೂ ಸೋರಿದರೆ ಹೇಳಿಕಳುಹಿಸಿ, ನಾನು ಬರುತ್ತೇನೆ. ಈ ಸಲ ಮನೆಯ ತಾಯಂದಿರ ಮಾತನ್ನು ಮೊದಲು ಕೇಳಿ, ಆಮೇಲೆ ಏಣಿ ಹತ್ತುತ್ತೇನೆ.